ನೀರಿಗೆ ಬಿದ್ದ ಕೀಟನಾಶಕವು ಏನಾಗುವುದು?

ಕಳೆದ ಮಾಗಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ನಮಗೊಂದು ಕಾಗದವು ಬಂದಿತು. ಆಕೆಯು ಈ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ವಿವಾಹವಾಗಿ, ಈಗ ಕುಣಿಗಲ್ ದೊಡ್ಡಕೆರೆಯ ಅಚ್ಚುಕಟ್ಟಿಗೆ ಸೇರಿದ ಒಂದು ಗ್ರಾಮದಲ್ಲಿ ಸಂಸಾರ ನಡೆಸುತ್ತಿರುವಳು. ಬತ್ತ, ತೆಂಗು, ಬಾವಿಯ ಸುತ್ತಲೂ ಸ್ವಲ್ಪ ಬದನೆ ಮತ್ತು ಹುರುಳಿಕಾಯಿ, ಇವು ಆ ಮನೆಯವರ ಬೆಳೆಗಳು. ಕುಶಲಪ್ರಶ್ನೆಗಳಾದ ಮೇಲೆ ಆಕೆಯು ಬರೆದಿದ್ದ ಸಂಗತಿಯು ಇದು:

“ಅಮ್ಮನವರೇ, ನಮ್ಮ ಯಜಮಾನರು ತೋಟಕ್ಕೆ ಔಷಧ ಹೊಡೆದ ತರುವಾಯ ಪಂಪನ್ನು ಬಾವಿಕಟ್ಟೆಯ ಮೇಲೆಯೇ ಇಟ್ಟು ತೊಳೆಯುತ್ತಾರೆ. ತೊಳೆದ ನೀರು ಕಲ್ಲಿನ ಸಂದಿನಿಂದ ಮರಳಿ ಬಾವಿಗೇ ಇಳಿಯುತ್ತದೆ. ನಾನು ಬೇಡವೆಂದೆ. ಅದಕ್ಕೆ ಅವರು ನನ್ನ ಒಂಬತ್ತನೆಯ ತರಗತಿಯ ಟಿಪ್ಪಣಿಯ ಪುಸ್ತಕವನ್ನೇ ತೆರೆದು ತೋರಿಸಿದರು. ಅದರಲ್ಲಿ ‘ಕೀಟನಾಶಕಗಳು ನೀರಿನಲ್ಲಿ ಕೆಲವು ದಿನಗಳೊಳಗೆ ಒಡೆದು ನಿರಪಾಯವಾಗುವುವು’ ಎಂದು ತಾವು ಹೇಳಿ ಬರೆಯಿಸಿದ ವಾಕ್ಯವಿದೆ. ‘ನಿಮ್ಮ ಅಮ್ಮನವರೇ ಹೇಳಿರುವಾಗ ನಿನಗೇನು ಭಯ’ ಎಂದು ಅತ್ತೆಯವರೂ ಅಂದರು. ಹಾಗಾದರೆ ಎಷ್ಟನೆಯ ದಿನದಿಂದ ಆ ನೀರನ್ನು ಕುಡಿಯಬಹುದೆಂದು ತಾವು ತಿಳಿಸಬೇಕು. ನನಗೆ ಈಗ ಐದು ತಿಂಗಳು. ಶೀಶೆಯ ಮೇಲೆ ಕ್ಲೋರ್‌ಪೈರಿಫಾಸ್ ಎಂದು ಬರೆದಿದೆ.”

ಆ ಟಿಪ್ಪಣಿಯು ನಮ್ಮದೇ, ಸಂದೇಹವಿಲ್ಲ. ಅನೇಕ ವರ್ಷಗಳ ಕಾಲ ಆ ವಾಕ್ಯವನ್ನು ನಾವು ಕರಿಹಲಗೆಯ ಮೇಲೆ ಬರೆದು, ಹುಡುಗಿಯರಿಂದ ಬರೆಯಿಸಿ, ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳನ್ನೂ ಕೊಟ್ಟಿದ್ದೇವೆ. ಅದು ತಪ್ಪು ವಾಕ್ಯ. ಕಾಗದವು ಕೈಗೆ ಬಂದ ದಿನವೇ “ಆ ನೀರನ್ನು ಕುಡಿಯಬೇಡ, ಅಡಿಗೆಗೂ ಬಳಸಬೇಡ, ವಿವರವನ್ನು ಮುಂದೆ ಬರೆಯುವೆವು” ಎಂದು ಆಕೆಗೆ ಉತ್ತರವಿತ್ತೆವು. ಆ ವಿವರವೇ ಈ ಲೇಖನವು. ಆಕೆಯೊಬ್ಬಳಿಗೇ ಬರೆದು ಮುಗಿಸಬಹುದಾಗಿದ್ದಿತು. ಆದರೆ ಅದೇ ಟಿಪ್ಪಣಿಯು ಇನ್ನೆಷ್ಟು ಮನೆಗಳ ಪೆಟ್ಟಿಗೆಯಲ್ಲಿರುವುದೋ ಎಂಬ ಯೋಚನೆಯಿಂದ ಈ ಸಂಚಿಕೆಯಲ್ಲಿ ಸ್ಥಳವನ್ನು ಕೇಳಿಕೊಂಡೆವು.

ಮೊದಲು ನೀರಿನ ವಿಚಾರ. ನೀರೆಂದರೆ ಏನನ್ನಾದರೂ ಕರಗಿಸಿಕೊಂಡು ಸುಮ್ಮನಿರುವ ವಸ್ತುವೆಂದು ನಾವು ಸಾಧಾರಣವಾಗಿ ಭಾವಿಸುವೆವು. ಹಾಗಲ್ಲ. ನೀರು ಒಬ್ಬ ಕೆಲಸಗಾರನಂತೆ. ನೀರಿನ ಅಣುವಿನಲ್ಲಿ ಎರಡು ಪರಮಾಣು ಜಲಜನಕವೂ ಒಂದು ಪರಮಾಣು ಆಮ್ಲಜನಕವೂ ಇರುವುದನ್ನು ಎಲ್ಲರೂ ಓದಿದ್ದೀರಿ. ಈ ಅಣುಗಳಲ್ಲಿ ಎಲ್ಲೋ ಕೆಲವು ತಾವಾಗಿಯೇ ಎರಡು ತುಂಡಾಗಿರುವುವು. ಒಂದು ತುಂಡು ಆಮ್ಲದ ಗುಣವುಳ್ಳದ್ದು, ಇನ್ನೊಂದು ಕ್ಷಾರದ ಗುಣವುಳ್ಳದ್ದು. ಇನ್ನೊಂದು ವಸ್ತುವಿನ ಅಣುವಿನಲ್ಲಿ ಸಡಿಲವಾದ ಕೀಲು ಇದ್ದರೆ ನೀರು ಅಲ್ಲಿಗೆ ನುಗ್ಗಿ, ಅದನ್ನು ಬಿಡಿಸಿ, ತನ್ನ ಒಂದು ತುಂಡನ್ನು ಈ ಕಡೆಗೂ ಮತ್ತೊಂದನ್ನು ಆ ಕಡೆಗೂ ಅಂಟಿಸಿಬಿಡುವುದು. ಇದಕ್ಕೆ ಜಲವಿಚ್ಛೇದನೆಯೆಂದು ಹೆಸರು.

ಹೆಸರು ದೊಡ್ಡದಾದರೂ ಕೆಲಸವು ಹಳೆಯದು. ಕೈಕೆಲಸದ ಪೀರಿಯಡ್ಡಿನಲ್ಲಿ ಕೊಬ್ಬರಿಯೆಣ್ಣೆಗೆ ಕಾಸ್ಟಿಕ್ ಸೋಡದ ನೀರನ್ನು ಹಾಕಿ ಸಾಬೂನು ಮಾಡಿದ್ದನ್ನು ನೆನೆಯಿರಿ. ಎಣ್ಣೆಯ ಅಣುವಿನ ಕೀಲುಗಳನ್ನು ಕ್ಷಾರವು ಬಿಡಿಸಿದುದರಿಂದಲೇ ಒಂದು ಕಡೆ ಸಾಬೂನೂ ಇನ್ನೊಂದು ಕಡೆ ಗ್ಲಿಸರೀನೂ ಬಂದುವು. ಅದೇ ಎಣ್ಣೆಯನ್ನು ಬರಿಯ ನೀರಿನಲ್ಲಿ ಹಾಕಿಟ್ಟಿದ್ದರೆ ವರ್ಷವಾದರೂ ಸಾಬೂನಾಗುತ್ತಿರಲಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲಾ ಸುಲಭವಾಗುವುದು. ಕೆಲಸ ಮಾಡುವವನು ನೀರೇ ಆದರೂ, ಅವನ ಕೈ ಚುರುಕಾಗುವುದೂ ಮಂದವಾಗುವುದೂ ನೀರಿನಲ್ಲಿರುವ ಆಮ್ಲ ಅಥವಾ ಕ್ಷಾರದ ಅಳತೆಯಿಂದ.

ಈ ಅಳತೆಗೆ ಪಿ.ಎಚ್. ಎನ್ನುವರು. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಶುದ್ಧ ನೀರಿಗೆ 7. ಅದಕ್ಕಿಂತ ಕಡಮೆಯಾದರೆ ಹುಳಿ: ಹುಳಿಮಜ್ಜಿಗೆಯು 4½ರ ಸಮೀಪ, ನಿಂಬೆರಸವು 2ರ ಸಮೀಪ. ಹೆಚ್ಚಾದರೆ ಕ್ಷಾರ: ಅಡಿಗೆ ಸೋಡದ ನೀರು 8ಕ್ಕೆ ಸ್ವಲ್ಪ ಮೇಲೆ, ಸುಣ್ಣದ ತಿಳಿನೀರು 12. ಒಂದು ಅಂಕೆ ಏರಿದರೆ ಗುಣವು ಹತ್ತರಷ್ಟು ಏರಿತೆಂದು ಲೆಕ್ಕ. ಲಿಟ್ಮಸ್ ಕಾಗದವಿಲ್ಲದ ಮನೆಯಲ್ಲಿ ಅರಿಶಿನವೇ ಸಾಕು. ಆರತಿಗಾಗಿ ಅರಿಶಿನದ ನೀರಿಗೆ ಸುಣ್ಣವನ್ನು ಬೆರಸಿದೊಡನೆ ಕೆಂಪಾಗುವುದನ್ನು ನೋಡದ ಹೆಂಗಸು ನಮ್ಮ ಸೀಮೆಯಲ್ಲಿ ಇರಲಾರಳು. ಆ ಕೆಂಪು ಬಣ್ಣವೇ ಕ್ಷಾರದ ಸಾಕ್ಷಿ.

ಈಗ ಕೀಟನಾಶಕಗಳಿಗೆ ಬರುವ. (ನಮ್ಮ ರೈತರು ಇವುಗಳನ್ನು ಔಷಧವೆಂದು ಕರೆಯುವುದು ಎಷ್ಟು ಅನರ್ಥಕ್ಕೆ ಕಾರಣವಾಗಿದೆಯೋ ತಿಳಿಯದು. ಔಷಧವೆಂದ ಮೇಲೆ ಭಯವು ಹೇಗೆ ಹುಟ್ಟೀತು?) ಮೆಲಾಥಿಯಾನ್ ಎಂಬುದು ರಂಜಕವನ್ನೊಳಗೊಂಡ ಒಂದು ಕೀಟನಾಶಕ. ಅದರ ಅಣುವಿನಲ್ಲಿ ನಾವು ಹೇಳಿದಂತಹ ಸಡಿಲ ಕೀಲುಗಳಿರುವುವು. ಪ್ರಯೋಗಶಾಲೆಯಲ್ಲಿ ಅಳೆದಾಗ, ಪಿ.ಎಚ್. 9 ಇರುವ ನೀರಿನಲ್ಲಿ ಅದರ ಅರ್ಧಭಾಗವು ಸುಮಾರು 12 ಗಂಟೆಗಳಲ್ಲಿ ಒಡೆಯುವುದು. 7 ಇರುವ ನೀರಿನಲ್ಲಿ ಅರ್ಧಭಾಗವೊಡೆಯಲು ಸುಮಾರು 6 ದಿನಗಳು ಬೇಕು. 5 ಇರುವ ಹುಳಿನೀರಿನಲ್ಲಿ 107 ದಿನಗಳು! ವಸ್ತು ಒಂದೇ, ನೀರಿನ ಗುಣ ಮಾತ್ರ ಬೇರೆ. ಕಾರ್ಬರಿಲ್ ಎಂಬ ಮತ್ತೊಂದು ಕೀಟನಾಶಕಕ್ಕೆ 9ರಲ್ಲಿ 3 ಗಂಟೆಗಳು ಸಾಕು, 7ರಲ್ಲಿ 12 ದಿನಗಳು. ನಮ್ಮ ವಿದ್ಯಾರ್ಥಿನಿಯ ಬಾವಿಗೆ ಇಳಿದ ಕ್ಲೋರ್‌ಪೈರಿಫಾಸಾದರೋ 9ರಲ್ಲಿಯೂ 16 ದಿನಗಳನ್ನು ಕೇಳುವುದು, 7ರಲ್ಲಿ 72 ದಿನಗಳನ್ನು. “ಕೆಲವು ದಿನಗಳೊಳಗೆ” ಎಂದು ನಾವು ಬರೆಯಿಸಿದ ಮಾತು ಇಷ್ಟಕ್ಕೇ ಬಿದ್ದುಹೋಯಿತು.

ಅರ್ಧಭಾಗವೆಂಬ ಈ ಲೆಕ್ಕವನ್ನು ಅನೇಕರು ತಪ್ಪಾಗಿ ತಿಳಿಯುವರು. 6 ದಿನಗಳಲ್ಲಿ ಅರ್ಧ ಹೋದರೆ ಉಳಿದರ್ಧವು ಮತ್ತೆ 6 ದಿನಗಳಲ್ಲಿ ಹೋಗಿ ಮುಗಿಯುವುದೆಂದು ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬಳು ಹೇಳುವಳು. ಅದಕ್ಕೆ ನಾವು ಅಜ್ಜಿಯರ ಕಾಲದ ಅಳತೆಗಳನ್ನು ತೆಗೆಯುವುದುಂಟು. ಒಂದು ಸೇರು ಮೆಲಾಥಿಯಾನ್ ಸಮನೀರಿಗೆ ಬಿದ್ದಿತೆನ್ನಿ. 6 ದಿನಗಳಾದ ಮೇಲೆ ಅಚ್ಚೇರು. 12 ದಿನಗಳಿಗೆ ಪಾವು. 18ಕ್ಕೆ ಅರೆಪಾವು. 24ಕ್ಕೆ ಚಟಾಕು. ಸೊನ್ನೆಯೆಂಬುದು ಎಂದಿಗೂ ಬಾರದು. ಸಾವಿರದಲ್ಲೊಂದು ಪಾಲಿಗೆ ಇಳಿಯಬೇಕಾದರೆ ಹತ್ತು ಸಲ ಅರ್ಧವಾಗಬೇಕು, ಎಂದರೆ 60 ದಿನಗಳು. ಕ್ಲೋರ್‌ಪೈರಿಫಾಸಿಗೆ ಇದೇ ಲೆಕ್ಕವನ್ನು ಹಾಕಿದರೆ ಬರಿಯ ನೀರಿನ ಕೆಲಸದಿಂದ ಸುಮಾರು ಎರಡು ವರ್ಷಗಳು ಬೇಕಾಗುವುವು. ನಿಜವಾದ ಬಾವಿಯಲ್ಲಿ ಸೂಕ್ಷ್ಮಜೀವಿಗಳೂ ಕೆಸರೂ ಇರುವುದರಿಂದ ಲೆಕ್ಕವು ಹಾಗೆಯೇ ನಡೆಯದು. ಆದರೆ ಎರಡು ದಿನಕ್ಕೂ ಎರಡು ವರ್ಷಕ್ಕೂ ಇರುವ ಅಂತರವು ಮನಸ್ಸಿಗೆ ತಾಕಿದರೆ ಸಾಕು.

ನಮ್ಮ ಕುಣಿಗಲ್ ಕೆರೆಯ ನೀರು ಯಾವ ಜಾತಿಯದು? ಜನಪದ ಗೀತದಿಂದ ನಾಡಿಗೆಲ್ಲಾ ಹೆಸರಾದ ಈ ಕೆರೆಯ ಏರಿಯ ಮೇಲೆ ನಿಂತು ಬೇಸಗೆಯಲ್ಲಿ ನೋಡಿದರೆ ನೀರು ಹಸುರಾಗಿ ಕಾಣುವುದು. ಆ ಹಸುರು ಪಾಚಿಯದು. ಪಾಚಿಯು ಬಿಸಿಲಿರುವಷ್ಟು ಹೊತ್ತೂ ನೀರಿನಲ್ಲಿರುವ ಅಂಗಾರಾಮ್ಲವನ್ನು ಹೀರಿಕೊಳ್ಳುವುದು. ಹುಳಿಯನ್ನುಂಟುಮಾಡತಕ್ಕ ವಸ್ತುವು ಹೋದುದರಿಂದ ನೀರು ಕ್ಷಾರದ ಕಡೆಗೆ ವಾಲುವುದು. ಪಾಚಿ ದಟ್ಟವಾಗಿರುವ ಕೆರೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಪಿ.ಎಚ್. 9ನ್ನು ಮುಟ್ಟುವುದು ಅಪರೂಪವಲ್ಲ. ರಾತ್ರಿಯಲ್ಲಿ ಪಾಚಿಯೂ ಮೀನೂ ಉಸಿರುಬಿಟ್ಟು ಅಂಗಾರಾಮ್ಲವು ಮತ್ತೆ ತುಂಬುವುದು, ಅಳತೆಯು ಇಳಿಯುವುದು. ಹೀಗೆ ಒಂದೇ ಕೆರೆಗೆ ಹಗಲಿನಲ್ಲೊಂದು ಗುಣ, ಇರುಳಿನಲ್ಲೊಂದು ಗುಣ. ಮಧ್ಯಾಹ್ನ ಕೆರೆಯ ಮೇಲ್ನೀರಿಗೆ ಬಿದ್ದ ಮೆಲಾಥಿಯಾನ್ ಬೇಗನೆ ಒಡೆಯಬಹುದು. ಅದೇ ವಸ್ತುವು ಪಾಚಿಯಿಲ್ಲದ, ಬಿಸಿಲು ಕಾಣದ ಬಾವಿಗೆ ಬಿದ್ದರೆ ನಿಧಾನವಾಗಿ ಒಡೆಯುವುದು. ಕೆರೆಯಲ್ಲಿ ಕಂಡುದನ್ನು ಬಾವಿಗೆ ಹೇಳಲಾಗದು.

ಇದರಿಂದ ರೈತರಿಗೆ ನಷ್ಟವಾಗುವುದೂ ಉಂಟು, ಅದನ್ನು ಇಲ್ಲಿಯೇ ಹೇಳಿಬಿಡುವೆವು. ತುಮಕೂರು ಸೀಮೆಯ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸು, ಕ್ಷಾರದ ಕಡೆಯದು. ಅಂತಹ ನೀರಿನಲ್ಲಿ ಕಾರ್ಬರಿಲ್‌ನಂತಹ ವಸ್ತುವನ್ನು ಬೆಳಗ್ಗೆ ಕಲಸಿ, ಕೂಲಿಯವರು ಬರಲಿಲ್ಲವೆಂದು ಸಾಯಂಕಾಲದವರೆಗೆ ಇಟ್ಟು ಹೊಡೆದರೆ, ಅದರ ದೊಡ್ಡ ಪಾಲು ಡ್ರಮ್ಮಿನಲ್ಲಿಯೇ ಒಡೆದುಹೋಗಿರಬಹುದು. ಹುಳುವು ಸಾಯುವುದಿಲ್ಲ. “ಅಂಗಡಿಯವನು ಕಲಬೆರಕೆ ಮಾಲು ಕೊಟ್ಟ” ಎಂದು ಬೈದು, ಮರುವಾರ ಇಮ್ಮಡಿ ಹಾಕುವರು. ಅಂಗಡಿಯವನ ತಪ್ಪು ಇದ್ದೀತು, ಇಲ್ಲದೆಯೂ ಇದ್ದೀತು. ಕಲಸಿದ ಕೂಡಲೇ ಹೊಡೆಯುವುದು ಅದಕ್ಕೆ ಪರಿಹಾರ. ಕುಣಿಗಲ್ಲಿನ ಸುತ್ತ ರೇಷ್ಮೆಯ ಬಿತ್ತನೆಗೂಡನ್ನು ಬೆಳೆಯುವ ಮನೆಗಳಿರುವುವಷ್ಟೆ. ಅವರು ಈ ವಿಷಯದಲ್ಲಿ ಹೆಚ್ಚು ಬುದ್ಧಿವಂತರು. ಹಿಪ್ಪುನೇರಳೆ ಸೊಪ್ಪಿನ ಮೇಲೆ ಕಣ್ಣಿಗೆ ಕಾಣದಷ್ಟು ವಿಷವು ಉಳಿದಿದ್ದರೂ ಹುಳುಗಳು ತಟ್ಟೆಯಲ್ಲಿಯೇ ಸಾಯುವುದನ್ನು ಕಂಡವರಾದ್ದರಿಂದ, ದಿನಗಳನ್ನು ಎಣಿಸಿಯೇ ಸೊಪ್ಪನ್ನು ಕೊಯ್ಯುವರು.

ಇಷ್ಟು ಹೊತ್ತು ಒಡೆಯುವುದು, ಒಡೆಯುವುದು ಎಂದೆವು. ಒಡೆದ ಮೇಲೆ ಏನಾಗುವುದು? ನಮ್ಮ ಟಿಪ್ಪಣಿಯ ದೊಡ್ಡ ತಪ್ಪು ಇಲ್ಲಿರುವುದು. ಮಡಕೆಯು ಒಡೆದರೆ ಚೂರುಗಳು ಮಾಯವಾಗುವುವೇ? ಮೆಲಾಥಿಯಾನನ್ನು ಕ್ಷಾರದ ನೀರು ಒಡೆದಾಗ ಬರುವ ಚೂರುಗಳು ಮೂಲಕ್ಕಿಂತ ಬಹಳ ಕಡಮೆ ವಿಷವುಳ್ಳವು, ಸರಿ. ಆದರೆ ಅದೇ ಮೆಲಾಥಿಯಾನಿಗೆ ಆಮ್ಲಜನಕವು ಸೇರಿ, ಅದರಲ್ಲಿರುವ ಗಂಧಕದ ಒಂದು ಪರಮಾಣುವಿನ ಸ್ಥಾನವನ್ನು ಆಕ್ರಮಿಸಿದರೆ ಮೆಲಾಕ್ಸಾನ್ ಎಂಬುದು ಹುಟ್ಟುವುದು. ಅದು ತಾಯಿಗಿಂತ ಹಲವು ಪಾಲು ಹೆಚ್ಚು ವಿಷ. ಕ್ಲೋರ್‌ಪೈರಿಫಾಸಿನಿಂದಲೂ ಹೀಗೆಯೇ ಒಂದು ಉಗ್ರ ಸಂತಾನವು ಹುಟ್ಟುವುದು. ಈ ಬದಲಾವಣೆಯನ್ನು ಬೇಗನೆ ಮಾಡತಕ್ಕ ವಸ್ತುಗಳಲ್ಲಿ ಒಂದು, ನಾವು ನೀರನ್ನು ಶುದ್ಧಪಡಿಸಲು ಹಾಕುವ ಬ್ಲೀಚಿಂಗ್ ಪುಡಿಯ ಕ್ಲೋರಿನ್! ಬಾವಿಯಲ್ಲಿ ಔಷಧದ ವಾಸನೆ ಬಂದಿತೆಂದು ಬ್ಲೀಚಿಂಗ್ ಪುಡಿಯನ್ನು ಸುರಿಯುವವರುಂಟು. ಆ ಪುಡಿಯು ಕಾಲರಾ, ಭೇದಿಯ ಕ್ರಿಮಿಗಳಿಗೆ ಮೃತ್ಯುವೇ ಹೊರತು ಈ ಬಗೆಯ ವಿಷಕ್ಕೆ ಚಿಕಿತ್ಸೆಯಲ್ಲ. ಕಾಯಿಸಿದರೂ ನಂಬಿಕೆಯಿಲ್ಲ. ನೀರು ಆವಿಯಾಗಿ ಹೋಗಿ ಉಳಿದ ನೀರಿನಲ್ಲಿ ವಿಷವು ಗಟ್ಟಿಯಾಗಲೂಬಹುದು.

ಇನ್ನು ಒಡೆಯುವುದಕ್ಕೇ ಒಪ್ಪದ ಜಾತಿಯೊಂದುಂಟು. 1953ರಲ್ಲಿ ಭಾರತ ಸರ್ಕಾರವು ಮಲೇರಿಯಾ ನಿಯಂತ್ರಣದ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದುದನ್ನು ವೃದ್ಧರು ಬಲ್ಲರು. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪೌಲ್ ಮ್ಯೂಲರ್ ಎಂಬವರಿಗೆ 1948ರಲ್ಲಿ ನೊಬೆಲ್ ಬಹುಮಾನವು ಬಂದಿತು. ಅದು ಎಷ್ಟೋ ಪ್ರಾಣಗಳನ್ನು ಉಳಿಸಿತೆಂಬುದನ್ನು ನಾವು ಮರೆಯಬಾರದು. ಆದರೆ ನೀರು ಅದನ್ನು ಒಡೆಯಲು ವರ್ಷಾನುವರ್ಷಗಳು ಹಿಡಿಯುವುವು. ಕ್ಷಾರದಿಂದ ಅದು ಬದಲಾದರೂ ಡಿ.ಡಿ.ಇ. ಎಂಬ ಅಷ್ಟೇ ಹಟಮಾರಿಯಾದ ವಸ್ತುವಾಗಿ ಪ್ರಾಣಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುವುದು. ಅದರಿಂದ ಹದ್ದು ಮೊದಲಾದ ಪಕ್ಷಿಗಳ ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಸಂತತಿಯೇ ಕ್ಷೀಣಿಸಿದ ಸಂಗತಿಯು ಪಾಶ್ಚಾತ್ಯ ದೇಶಗಳಲ್ಲಿ ಪ್ರಸಿದ್ಧವಾಗಿದೆ.

ಇವೆಲ್ಲಾ ದೂರದ ಮಾತು, ಪುಸ್ತಕದ ಮಾತು ಎಂದು ತೋರಬಹುದು. ಆದುದರಿಂದ ಕನ್ನಡವಾಡುವ ನೆಲದಲ್ಲಿಯೇ ನಡೆದುದೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು.

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೇರಳಕ್ಕೆ ಸೇರಿತು. ಅದರ ಗಡಿಯಂಚಿನ ಎಣ್ಮಕಜೆ ಪಂಚಾಯತಿಯಲ್ಲಿ ಪಡ್ರೆ, ಸ್ವರ್ಗ, ವಾಣಿನಗರ ಮೊದಲಾದ ಊರುಗಳಿವೆ. ಇಂದಿಗೂ ಅಲ್ಲಿ ಕನ್ನಡ ಶಾಲೆಗಳುಂಟು. ಆ ಸೀಮೆಯ ಗುಡ್ಡಗಳಲ್ಲಿ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳಿವೆ. ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲುವುದಕ್ಕಾಗಿ 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ಬಾವಿಗಳನ್ನು ಮುಚ್ಚಿಕೊಳ್ಳಿರೆಂದು ಊರವರಿಗೆ ಹೇಳುತ್ತಿದ್ದರು. ಆದರೆ ಆ ಸೀಮೆಯ ಜನರು ಕುಡಿಯುವುದು ಬಾವಿಯ ನೀರನ್ನು ಮಾತ್ರವಲ್ಲ. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಡ್ಡಲಾಗಿ ಸುರಂಗವನ್ನು ಕೊರೆದು, ಅದರಿಂದ ತಾನಾಗಿ ಹರಿದು ಬರುವ ನೀರನ್ನು ತೋಡಿಗೂ ಕೆರೆಗೂ ತಂದುಕೊಳ್ಳುವುದು ಅಲ್ಲಿನ ಪದ್ಧತಿ. ಗುಡ್ಡವನ್ನೂ ತೋಡನ್ನೂ ಮುಚ್ಚುವುದು ಹೇಗೆ?

ಎಂಡೋಸಲ್ಫಾನಿನ ಅಣುವನ್ನು ಹೀಗೆ ಕಲ್ಪಿಸಿಕೊಳ್ಳಿ. ಆರು ಕ್ಲೋರಿನ್ ಪರಮಾಣುಗಳನ್ನು ಹೊತ್ತ ಅಂಗಾರದ ಒಂದು ಗಟ್ಟಿಪಂಜರ. ಪಂಜರದ ಒಂದು ಪಕ್ಕಕ್ಕೆ ಗಂಧಕ ಮತ್ತು ಆಮ್ಲಜನಕಗಳಿಂದಾದ ಒಂದು ಬಳೆ. ಈ ಬಳೆಯೇ ಅದರ ಸಡಿಲವಾದ ಭಾಗ. ನೀರು ಬಳೆಯನ್ನು ಒಡೆದರೆ ಗಂಧಕವು ಕಳಚಿಹೋಗಿ, ಡಯಾಲ್ ಎಂಬ, ವಿಷವು ಬಹಳ ಕಡಮೆಯಾದ ವಸ್ತುವು ಉಳಿಯುವುದು. ಆದರೆ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇರುವ ಸೂಕ್ಷ್ಮಜೀವಿಗಳು ಮತ್ತೊಂದು ದಾರಿಯನ್ನು ಹಿಡಿಯುವುವು. ಅವು ಬಳೆಯನ್ನು ಒಡೆಯದೆ, ಗಂಧಕಕ್ಕೆ ಇನ್ನೊಂದು ಆಮ್ಲಜನಕವನ್ನು ಜೋಡಿಸಿ ಎಂಡೋಸಲ್ಫಾನ್ ಸಲ್ಫೇಟ್ ಎಂಬುದನ್ನು ಮಾಡುವುವು. ಇದು ತಾಯಿಯಷ್ಟೇ ವಿಷ, ತಾಯಿಗಿಂತ ದೀರ್ಘಾಯುಷ್ಯವುಳ್ಳದ್ದು. ಎರಡು ದಾರಿಗಳಲ್ಲಿ ಯಾವುದರಲ್ಲಿ ಹೋದರೂ “ಎಂಡೋಸಲ್ಫಾನ್ ಕಡಮೆಯಾಯಿತು” ಎಂದೇ ಪರೀಕ್ಷಕರು ಬರೆಯಬಹುದು! ಸಲ್ಫೇಟನ್ನೂ ಹುಡುಕಿದಿರಾ ಎಂದು ಕೇಳದ ಹೊರತು ಆ ವರದಿಗೆ ಅರ್ಥವಿಲ್ಲ.

ಹಾಗಾದರೆ ನೀರು ಒಳ್ಳೆಯ ದಾರಿಯಲ್ಲಿ ಬೇಗನೆ ನಡೆಯಿಸಲಾರದೇ? ಕ್ಷಾರವಿದ್ದರೆ ನಡೆಯಿಸುವುದು. ಪಿ.ಎಚ್. 9ರಲ್ಲಿ ಒಂದು ದಿನದೊಳಗೆ ಅರ್ಧವು ಒಡೆಯುವುದು, 7ರಲ್ಲಿ ಸುಮಾರು 11ರಿಂದ 19 ದಿನಗಳಲ್ಲಿ. 5ರಲ್ಲಿಯಾದರೋ 200 ದಿನಗಳಿಗಿಂತಲೂ ಹೆಚ್ಚು ಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವುದು. ನಮ್ಮ ಕುಣಿಗಲ್ಲಿನ ಮಳೆಯು ಅದರ ಕಾಲುಭಾಗಕ್ಕಿಂತ ಹೆಚ್ಚಿರದು. ಯುಗಯುಗಗಳಿಂದ ಅಂತಹ ಮಳೆಯಲ್ಲಿ ಸುಣ್ಣದ ಅಂಶವೆಲ್ಲಾ ತೊಳೆದುಹೋಗಿ ಉಳಿದುದೇ ಮುರಕಲ್ಲು. ಅದರೊಳಗಿಂದ ಒಸರುವ ನೀರು ಸಾಧಾರಣವಾಗಿ ಹುಳಿಯ ಕಡೆಯದು. ನೀರು ಕೆಲಸವನ್ನು ಅತ್ಯಂತ ನಿಧಾನವಾಗಿ ಮಾಡುವ ಸೀಮೆಯೇ ಈ ವಿಷಕ್ಕೆ ದೊರಕಿದ್ದು ವಿಷಾದಕರ. ಅದಲ್ಲದೆ ಎಂಡೋಸಲ್ಫಾನ್ ನೀರಿನಲ್ಲಿ ಬಹು ಸ್ವಲ್ಪವಾಗಿಯೇ ಕರಗುವುದು, ಹೆಚ್ಚಿನ ಪಾಲು ಕೆಸರಿಗೆ ಅಂಟಿಕೊಳ್ಳುವುದು. ಮೇಲಿನ ತಿಳಿನೀರನ್ನು ಪರೀಕ್ಷಿಸಿದರೆ ಏನೂ ಕಾಣದೆ ಹೋಗಬಹುದು. ಮಳೆ ಬಂದು ಕೆಸರು ಕದಡಿದಾಗ ಮತ್ತೆ ಮೇಲೇಳುವುದು.

ಆ ಊರುಗಳಲ್ಲಿ ಬುದ್ಧಿ ಬೆಳೆಯದ ಮಕ್ಕಳು, ಕೈಕಾಲು ನೆಟ್ಟಗಿಲ್ಲದ ಮಕ್ಕಳು, ಮೂರ್ಛೆರೋಗಿಗಳು ಹೆಚ್ಚಾಗಿ ಕಾಣಿಸಿಕೊಂಡರು. ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರೂ, ಪತ್ರಕರ್ತರಾದ ಶ್ರೀಪಡ್ರೆಯವರೂ ಇದನ್ನು ಹೊರಗಿನವರ ಗಮನಕ್ಕೆ ತಂದವರಲ್ಲಿ ಮುಖ್ಯರು. ಪೆರಿಯದ ಲೀಲಾಕುಮಾರಿಯಮ್ಮನವರು ನ್ಯಾಯಾಲಯದ ಮೊರೆಹೊಕ್ಕು ಸಿಂಪಡಣೆಯನ್ನು ತಡೆಯಿಸಲು ಹೋರಾಡಿದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ಮನುಷ್ಯರ ರಕ್ತ ಮೊದಲಾದುವನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇರುವುದೆಂದು ಸಾರಿದರು. ಅದೇ ವರ್ಷ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಸ್ವಾಸ್ಥ್ಯ ಸಂಸ್ಥೆಯವರು ಶಾಲೆಯ ಮಕ್ಕಳನ್ನು ಪರೀಕ್ಷಿಸಿದರು. ಕೊನೆಯ ಸಿಂಪಡಣೆಯಾಗಿ 10 ತಿಂಗಳಾಗಿದ್ದರೂ ಮಕ್ಕಳ ರಕ್ತದಲ್ಲಿ ಅದು ಕಂಡುಬಂದಿತು. ಯಾವ ಯಾವ ರೋಗಕ್ಕೆ ಅದೇ ಕಾರಣವೆಂಬುದರಲ್ಲಿ ತಜ್ಞರೊಳಗೆ ಭಿನ್ನಾಭಿಪ್ರಾಯಗಳಿವೆ, ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ ಹತ್ತು ತಿಂಗಳೆಂಬ ಆ ಮಾತನ್ನು ಓದಿದ ದಿನ ನಮ್ಮ “ಕೆಲವು ದಿನಗಳು” ನಮಗೆ ನೆನಪಾಗದೆ ಹೋದುದೇಕೆ ಎಂದು ಈಗ ಕೇಳಿಕೊಳ್ಳುತ್ತಿದ್ದೇವೆ. ಓದಿದ್ದು ಒಂದು ಕಪಾಟಿನಲ್ಲಿ, ಕಲಿಸುವುದು ಇನ್ನೊಂದು ಕಪಾಟಿನಲ್ಲಿ ಇರುವುದು ಉಪಾಧ್ಯಾಯರ ಒಂದು ರೋಗವೇ ಸರಿ.

ನಮ್ಮ ರಾಜ್ಯದೊಳಗೂ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಮುಂತಾದ ಕಡೆ ಗೇರುತೋಟಗಳಿಗೆ ಇದೇ ವಸ್ತುವನ್ನು ಹೊಡೆದುದರ ದುಃಖವನ್ನು ಅನೇಕ ಸಂಸಾರಗಳು ಅನುಭವಿಸುತ್ತಿವೆ. ಕರ್ಣಾಟಕ ಸರ್ಕಾರವು 2011ರ ಆರಂಭದಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು. ಆ ವರ್ಷದ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು ಅದನ್ನು ತ್ಯಾಜ್ಯ ವಸ್ತುಗಳ ಪಟ್ಟಿಗೆ ಸೇರಿಸಿದುವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲಾ ಅದರ ತಯಾರಿಕೆ, ಮಾರಾಟ, ಉಪಯೋಗಗಳನ್ನು ತಡೆಯಿತು. 2017ರಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಅದೇ ನ್ಯಾಯಾಲಯವು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು.

ನೀರಿಗೆ ಇಬ್ಬರು ಸಹಾಯಕರಿರುವರು, ಅವರನ್ನೂ ಹೇಳಬೇಕು. ಒಂದು ಸೂರ್ಯನ ಬೆಳಕು. ಸೇವಂತಿಗೆಯ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಿನ್ ಬಿಸಿಲಿನಲ್ಲಿ ಬೇಗನೆ ಕೆಡುವುದು. ಆದರೆ ಬೆಳಕು ಕೆಲಸ ಮಾಡುವುದು ಮೇಲ್ನೀರಿನಲ್ಲಿ ಮಾತ್ರ. ಎರಡನೆಯದು ಸೂಕ್ಷ್ಮಜೀವಿಗಳು. ಅವು ಎಂಡೋಸಲ್ಫಾನಿನಲ್ಲಿ ಕೇಡು ಮಾಡಿದರೂ ಬೇರೆ ಕಡೆ ಉಪಕಾರಿಗಳು. ನಮ್ಮ ದೇಶದವರೇ ಆದ ಸೇತುನಾಥನ್ ಎಂಬ ವಿಜ್ಞಾನಿಯು 1973ರಲ್ಲಿ, ಫಿಲಿಪ್ಪೀನ್ಸ್ ದೇಶದ ಬತ್ತದ ಗದ್ದೆಯ ನೀರಿನಿಂದ, ಡಯಾಜಿನಾನ್ ಎಂಬ ಕೀಟನಾಶಕವನ್ನು ಒಡೆದು ಆಹಾರವಾಗಿ ಮಾಡಿಕೊಳ್ಳುವ ಬ್ಯಾಕ್ಟೀರಿಯವನ್ನು ಸಹೋದ್ಯೋಗಿಯೊಬ್ಬರೊಡನೆ ಬೇರ್ಪಡಿಸಿದರು. ಗದ್ದೆಯ ಬೆಚ್ಚನೆಯ ಕೆಸರಿನಲ್ಲಿ ಇಂತಹವು ಕೋಟ್ಯಂತರವಾಗಿರುವುವು. ಆಳವಾದ ಕೊಳವೆಬಾವಿಯಲ್ಲಿ ಬೆಳಕೂ ಇಲ್ಲ, ಇವೂ ವಿರಳ. ಆದಕಾರಣ ಅಂತರ್ಜಲಕ್ಕೆ ಇಳಿದ ವಿಷವು ಬಹುಕಾಲ ಹಾಗೆಯೇ ಇರುವುದು.

ತರಕಾರಿಯ ವಿಚಾರವಾಗಿ ತಾಯಂದಿರು ಕೇಳುವುದುಂಟು. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದವರು ಸೇಬುಹಣ್ಣುಗಳಿಗೆ ಎರಡು ಕೀಟನಾಶಕಾದಿಗಳನ್ನು ಸವರಿ ತೊಳೆದು ನೋಡಿದರು. ಒಂದು ಲೀಟರು ನೀರಿಗೆ 10 ಗ್ರಾಂ ಅಡಿಗೆ ಸೋಡವನ್ನು ಕರಗಿಸಿ ಕಾಲುಗಂಟೆಯವರೆಗೆ ನೆನೆಯಿಟ್ಟಾಗ ಸಿಪ್ಪೆಯ ಮೇಲಿದ್ದುದು ಹೋಯಿತು, ಒಳಕ್ಕೆ ಇಂಗಿದುದು ಹೋಗಲಿಲ್ಲ. ಸೋಡದ ಕ್ಷಾರವೇ ಅಲ್ಲಿ ಕೆಲಸ ಮಾಡಿದುದೆಂದು ಈಗ ನೀವೇ ಊಹಿಸಬಲ್ಲಿರಿ. ಆ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆಯತಕ್ಕದ್ದು.

ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಮರಳುವೆವು. ಎಷ್ಟನೆಯ ದಿನದಿಂದ ಎಂದಲ್ಲವೇ ಆಕೆ ಕೇಳಿದುದು? ದಿನವನ್ನು ಹೇಳಲಾರೆವು, ಹೇಳಿದರೆ ಮತ್ತೊಂದು ತಪ್ಪು ಟಿಪ್ಪಣಿಯಾದೀತು. ಕ್ಲೋರ್‌ಪೈರಿಫಾಸ್ ಸಾಮಾನ್ಯವಾದ ವಸ್ತುವಲ್ಲ. ಗರ್ಭದಲ್ಲಿರುವ ಶಿಶುವಿನ ಮಿದುಳಿನ ಬೆಳವಣಿಗೆಗೆ ಅದರಿಂದ ಹಾನಿಯುಂಟೆಂಬ ಕಾರಣದಿಂದ ಅನೇಕ ದೇಶಗಳು ಅದನ್ನು ತಡೆದಿವೆ. 2025ರಲ್ಲಿ, ಕೆಲವು ವಿನಾಯಿತಿಗಳೊಡನೆ, ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು. ಆದುದರಿಂದ ಆಕೆಗೆ ಬರೆದುದು ಇಷ್ಟು. ಹೆರಿಗೆಯಾಗಿ ಮಗುವು ಮೊಲೆಹಾಲು ಬಿಡುವವರೆಗೂ ಕುಡಿಯುವ ನೀರು ಬೇರೆ ಕಡೆಯಿಂದ ಬರಲಿ. ಬೇಸಗೆಯಲ್ಲಿ ಬಾವಿಯನ್ನು ಬತ್ತಿಸಿ ತಳದ ಕೆಸರನ್ನು ತೆಗೆಯಿಸಿ, ಆ ಕೆಸರನ್ನು ನೀರಿನ ಹತ್ತಿರ ಹಾಕಬೇಡಿ. ಪಂಪನ್ನೂ ಶೀಶೆಯನ್ನೂ ಹೊಲದಲ್ಲಿಯೇ ಮೂರು ಸಲ ತೊಳೆದು, ತೊಳೆದ ನೀರನ್ನು ಅದೇ ಬೆಳೆಯ ಮೇಲೆ ಹೊಡೆದುಬಿಡಲಿ. ಬಾವಿಕಟ್ಟೆಗೂ ಕೆರೆಯ ಸೋಪಾನಕ್ಕೂ ಪಂಪು ಬರಲೇಬಾರದು. ಖಾಲಿ ಶೀಶೆಯನ್ನು ತೂತುಮಾಡಿ ಇಡಬೇಕು, ಎಣ್ಣೆಗಾಗಲಿ ಸೀಮೆಎಣ್ಣೆಗಾಗಲಿ ಉಪಯೋಗಿಸಬಾರದು.

ಇದರ ಜೊತೆಗೆ ಆ ಟಿಪ್ಪಣಿಯ ಪುಸ್ತಕವನ್ನು ಕಳುಹಿಸಿಕೊಡೆಂದೂ ಕೇಳಿದೆವು. ಆಕೆಯ ಯಜಮಾನರೇ ಒಂದು ಶನಿವಾರ ಅದನ್ನು ಹಿಡಿದುಕೊಂಡು ಶಾಲೆಗೆ ಬಂದರು. ನಾವು ಆ ಸಾಲನ್ನು ಕೆಂಪುಮಸಿಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ತಾರೀಕು ಹಾಕಿ, ಅವರ ಕೈಯಲ್ಲಿಯೇ ಹಿಂದಿರುಗಿಸಿದೆವು. ಅವರು ಅದನ್ನು ಎರಡು ಸಲ ಓದಿ, “ಹಾಗಾದರೆ ಅಮ್ಮ, ಗೆದ್ದಲಿಗೆಂದು ತೆಂಗಿನ ಬುಡಕ್ಕೆ ಹಾಕಿದ್ದೂ ಇಳಿಯುತ್ತದೆಯೇ?” ಎಂದು ಕೇಳಿದರು. ಇಳಿಯುವುದು ನಿಧಾನ, ಆದರೆ ಬಾವಿಯಿಂದ ಎಷ್ಟು ಅಡಿ ದೂರದ ಮರವೆಂಬುದನ್ನು ಅಳೆದು ಬರೆಯಿರೆಂದು ಹೇಳಿ ಕಳುಹಿಸಿದ್ದೇವೆ. ನಮ್ಮಿಂದ ಒಂಬತ್ತನೆಯ ತರಗತಿಯಲ್ಲಿ ರಸಾಯನಶಾಸ್ತ್ರವನ್ನು ಕೇಳಿದ ಹಳೆಯ ವಿದ್ಯಾರ್ಥಿನಿಯರು ಯಾರ ಬಳಿಯಲ್ಲಿ ಆ ಟಿಪ್ಪಣಿಯಿದ್ದರೂ ದಯಮಾಡಿ ಆ ಸಾಲನ್ನು ಹೊಡೆದುಹಾಕಬೇಕು. ಶಾಲೆಗೆ ತಂದರೆ ನಾವೇ ಹೊಡೆದು ಸಹಿ ಮಾಡಿಕೊಡುವೆವು.